ಮಾಳವ್ವ ಕೇಳಿದ ತುಂಡು

ದೆವ್ವ, ಗಾಳಿ, ಸೋಂಕು ಎಂಬ ಮಾತನ್ನು ಯಾರಾದರೂ ತೆಗೆದರೆ ನಾನು ಅವರನ್ನು ಅಲ್ಲಿಗೇ ತಡೆಯುತ್ತಿದ್ದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವುದು ನನ್ನ ಕೆಲಸ. ನಮ್ಮ ಶಾಲೆಯ ಹಿಂದಿನ ಹುಣಸೆ ಮರದ ಕಡೆ ಮಕ್ಕಳು ಹೋಗಲು ಹೆದರುತ್ತಾರೆಂದು ಗೊತ್ತಾದಾಗ ಇಡೀ ಎಂಟನೆಯ ತರಗತಿಯನ್ನು ಅದೇ ಮರದ ಕೆಳಗೆ ಕೂಡಿಸಿ ಊಟ ಮಾಡಿಸಿದವಳು ನಾನು. ಇಂಡಿ ತಾಲ್ಲೂಕಿನ ನನ್ನ ತವರಿನಲ್ಲಿ ಸೋದರಮಾವನೊಬ್ಬರು, ತಮ್ಮ ಸತ್ತುಹೋದ ಗೆಳೆಯನೊಬ್ಬ ನಿಂಬೆ ತೋಟದಲ್ಲಿ ಕಾಣಿಸಿಕೊಂಡ ಕಥೆಯನ್ನು ಪ್ರತಿ ದೀಪಾವಳಿಗೂ ಹೇಳುತ್ತಿದ್ದರು. ಅವತ್ತು ನಿಮಗೆ ಜ್ವರ ಇತ್ತೇನು, ಹಿಂದಿನ ದಿನ ನಿದ್ದೆ ಆಗಿತ್ತೇನು ಎಂದು ನಾನು ಕೇಳುತ್ತಿದ್ದೆ. ಅವರು ಮುಖ ಸಣ್ಣ ಮಾಡಿಕೊಂಡು ಸುಮ್ಮನಾಗುತ್ತಿದ್ದರು. ಈಗ ಅವರಿಲ್ಲ. ಇದ್ದಿದ್ದರೆ ಅವರ ಹತ್ತಿರ ಒಮ್ಮೆ ಕ್ಷಮೆ ಕೇಳುತ್ತಿದ್ದೆ.

ಏಕೆಂದರೆ ನಾನು ಈಗ ಹೇಳಹೊರಟಿರುವುದನ್ನು ಕೇಳಿ ನೀವೂ ನನಗೆ ಅದೇ ಪ್ರಶ್ನೆಗಳನ್ನು ಕೇಳಬಹುದು. ಕೇಳಿದರೆ ತಪ್ಪಿಲ್ಲ, ನಾನೂ ಕೇಳಿಕೊಂಡಿದ್ದೇನೆ. ಜ್ವರ ಇರಲಿಲ್ಲ. ನಿದ್ದೆ ಆಗಿತ್ತು. ಬೆಳಗಿನ ಹೊತ್ತು, ಬೆಳಕು ಚೆನ್ನಾಗಿ ಹರಿದಿತ್ತು. ಇದನ್ನು ಇಷ್ಟು ವರ್ಷ ನನ್ನ ಗಂಡನೊಬ್ಬನಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ. ಅವನಿಗೂ ಪೂರ್ತಿ ಹೇಳಿಲ್ಲ. ನಾಚಿಕೆಯಾಗುವ ಭಾಗವನ್ನು ಬಿಟ್ಟು ಉಳಿದಿದ್ದನ್ನು ಹೇಳಿದ್ದೆ. ಇಲ್ಲಿ ಅದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ನನಗೆ ಒಂದು ಹುಚ್ಚು ಹತ್ತಿತು. ಹಳೆಯ ಕಟ್ಟಿಗೆಯನ್ನು ತಂದು ಕೊಯ್ದು, ಉಜ್ಜಿ, ಅದರ ಬಿರುಕು ತೂತುಗಳಲ್ಲಿ ರೆಸಿನ್ ತುಂಬಿ, ತಿಂಡಿ ಹಣ್ಣು ಇಟ್ಟು ಬಡಿಸುವ ಹಲಗೆಗಳನ್ನು ಮಾಡುವುದು. ರೆಸಿನ್ ಎಂದರೆ ಎರಡು ದ್ರವಗಳನ್ನು ಬೆರೆಸಿ ಸುರಿದರೆ ಒಂದು ದಿನದಲ್ಲಿ ಗಾಜಿನ ಹಾಗೆ ಗಟ್ಟಿಯಾಗುವ ಅಂಟು. ಬೇಕಾದ ಬಣ್ಣ ಹಾಕಬಹುದು. ಮೊಬೈಲಿನಲ್ಲಿ ನೋಡಿ ಕಲಿತೆ. ಮುದ್ದೇಬಿಹಾಳದ ನಮ್ಮ ಮನೆಯ ಹಿತ್ತಲಿನಲ್ಲಿ ಮೊದಲು ಆಕಳು ಕಟ್ಟುತ್ತಿದ್ದ ತಗಡಿನ ಕೋಣೆಯೊಂದು ಖಾಲಿ ಇತ್ತು. ಅದೇ ನನ್ನ ಕಾರ್ಖಾನೆಯಾಯಿತು. ಸಿಂದಗಿಯ ಹಳೆ ಕಟ್ಟಿಗೆ ಅಂಗಡಿಯಿಂದ ತೊಲೆಯ ತುಂಡು, ತಾಂಬಾದಲ್ಲಿ ಪರಿಚಯದವರ ಮುರಿದ ಬಂಡಿಯ ಹಲಗೆ, ಬಸವನ ಬಾಗೇವಾಡಿಯಲ್ಲಿ ಕೆಡವಿದ ಹಳೆ ವಾಡೆಯ ಕಿಟಕಿ, ಹೀಗೆ ಎಲ್ಲಿ ಏನು ಸಿಕ್ಕಿದರೂ ಹೊತ್ತು ತರುತ್ತಿದ್ದೆ. ಹಳೆಯದಾದಷ್ಟೂ ಕಟ್ಟಿಗೆಗೆ ಒಂದು ಬಣ್ಣ ಬಂದಿರುತ್ತದೆ. ಅದು ಹೊಸದಕ್ಕೆ ಬರುವುದಿಲ್ಲ. ಶಾಲೆ ಮತ್ತೆ ಶುರುವಾದ ಮೇಲೂ ರಜೆ ದಿನಗಳಲ್ಲಿ ಈ ಕೆಲಸ ನಡೆದೇ ಇತ್ತು. ನೆಂಟರಿಷ್ಟರ ಮನೆಯ ಕಾರ್ಯಗಳಿಗೆ ನನ್ನ ಹಲಗೆಗಳೇ ಉಡುಗೊರೆ. ಹೊಗಳಿಸಿಕೊಳ್ಳುವ ಚಟ ಹತ್ತಿತ್ತು ಎಂದರೂ ಸರಿಯೇ.

ನನ್ನ ಶಾಲೆ ಇರುವುದು ನಾಲತವಾಡದ ಆಚೆಯ ಒಂದು ಹಳ್ಳಿಯಲ್ಲಿ. ಅಲ್ಲಿ ಬಿಸಿಯೂಟದ ಅಡುಗೆ ಮಾಡುವ ರೇಣುಕಾ ಎಂಬವಳು ಒಂದು ದಿನ, ತಮ್ಮ ಮನೆಯಲ್ಲಿ ಹಳೆ ಬಾಗಿಲೊಂದು ಬಿದ್ದಿದೆ, ಬೇಕಾದರೆ ಬಂದು ನೋಡಿ ಎಂದಳು. ಅವರದು ಕುರಿ ಸಾಕುವ ಮನೆತನ. ಅವರ ಮೂಲ ಊರು ಹೊಳೆಯ ದಂಡೆಯಲ್ಲಿತ್ತು. ಆಣೆಕಟ್ಟಿನ ಹಿನ್ನೀರು ಬಂದಾಗ ಆ ಊರನ್ನು ಎತ್ತಿ ಮೇಲೆ ಎರೆಹೊಲದ ನಡುವೆ ತಂದು ಇಟ್ಟಿದ್ದರು. ಬರುವಾಗ ಎಲ್ಲರೂ ಬಾಗಿಲು, ಚೌಕಟ್ಟು, ಜಂತಿಗಳನ್ನು ಕಿತ್ತು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದಿದ್ದರಂತೆ. ಹೊಸ ಮನೆಗೆ ಕಬ್ಬಿಣದ ಬಾಗಿಲು ಬಂತು. ಹಳೆಯದು ದನದ ಕೊಟ್ಟಿಗೆಯಲ್ಲಿ ಉಳಿಯಿತು.

ಬೇವಿನ ಕಟ್ಟಿಗೆಯ ಒಂಟಿ ಬಾಗಿಲು ಅದು. ಗಿಡ್ಡ, ಬಹಳ ದಪ್ಪ. ಇಷ್ಟು ವರ್ಷ ಬಿದ್ದಿದ್ದರೂ ಒಂದು ಹುಳ ಮುಟ್ಟಿರಲಿಲ್ಲ. ಚಿಲಕದ ಕೆಳಗೆ ಒಂದು ಕಡೆ ಹಲಗೆ ಒಳಗೆ ತಗ್ಗಿತ್ತು, ಅಂಗೈಯಷ್ಟು ಅಗಲ. ಯಾರೂ ಕೊರೆದದ್ದಲ್ಲ. ಬಾಗಿಲು ದೂಡುವಾಗ ಎಲ್ಲರೂ ಕೈ ಇಟ್ಟ ಜಾಗ. ಎಷ್ಟೋ ತಲೆಮಾರಿನ ಅಂಗೈಗಳು ತಿಕ್ಕಿ ತಿಕ್ಕಿ ಆದ ತಗ್ಗು. ಸುತ್ತಲಿನ ಕಟ್ಟಿಗೆ ಒರಟಾಗಿತ್ತು, ಅಲ್ಲಿ ಮಾತ್ರ ಎಣ್ಣೆ ಹಚ್ಚಿದ ಹಾಗೆ ಕರ್ರಗೆ, ನುಣ್ಣಗೆ.

ರೇಣುಕಾಳ ಅತ್ತೆಯ ಹೆಸರು ಮಾಳವ್ವ. ಎತ್ತರದ, ಒಣಗಿದ ಮುದುಕಿ. ಹಳೆ ಊರು ಬಿಟ್ಟ ಮೇಲೆ ಕೆಲವು ವರ್ಷಗಳಲ್ಲಿ ಕಣ್ಣು ಹೋಗಿದ್ದವು. ಆಪರೇಷನ್ ಆಗಿತ್ತು, ಪ್ರಯೋಜನವಾಗಿರಲಿಲ್ಲ. ನಾನು ಬಾಗಿಲನ್ನು ಎಷ್ಟಕ್ಕೆ ಕೊಡುತ್ತೀರಿ ಎಂದು ಕೇಳಿದಾಗ ಆಕೆ ಕೊಟ್ಟಿಗೆಯವರೆಗೆ ಗೋಡೆ ಹಿಡಿದುಕೊಂಡು ಬಂದಳು. ಕುಕ್ಕರುಗಾಲಿನಲ್ಲಿ ಕುಳಿತು ಹಲಗೆಯ ಮೇಲೆ ಕೈಯಾಡಿಸಿದಳು. ಕೈ ತಾನಾಗಿ ಆ ತಗ್ಗಿಗೆ ಹೋಗಿ ಕೂತಿತು. ನಾನು ನೋಡುತ್ತಿದ್ದೆ. ಒಂದು ಪಾತ್ರೆಗೆ ಅದರ ಮುಚ್ಚಳ ಕೂತ ಹಾಗೆ.

"ರೊಕ್ಕ ಬ್ಯಾಡ್ರಿ ಅಕ್ಕಾರ, ಒಯ್ರಿ," ಎಂದಳು. "ಈ ಕೈ ಕೂಡೂ ಜಾಗಾ ಅಷ್ಟ ಕೊಯ್ದು ನನಗ ತಂದು ಕೊಡ್ರಿ. ಹತ್ರ ಇಟಗೋತೇನಿ."

ತಾನು ಸೊಸೆಯಾಗಿ ನಡೆಯಲು ಬಂದ ದಿನ ಮೊದಲು ಕೈ ಇಟ್ಟದ್ದು ಅಲ್ಲಿಯೇ ಎಂದು ಹೇಳಿದಳು. ತನ್ನ ಅತ್ತೆಯೂ ಅಲ್ಲಿಯೇ, ಅತ್ತೆಯ ಅತ್ತೆಯೂ ಅಲ್ಲಿಯೇ. ಈ ಹೊಸ ಮನೆಯಲ್ಲಿ ತನ್ನ ಕೈಗೆ ಯಾವುದೂ ಗುರುತು ಹತ್ತುವುದಿಲ್ಲ, ಎಲ್ಲ ಸಿಮೆಂಟು, ಎಲ್ಲ ಒಂದೇ ಥರ ತಂಪು ಎಂದಳು. ನಾನು, ಆಯಿ, ಖಂಡಿತ ತಂದುಕೊಡುತ್ತೇನೆ ಎಂದು ಆಕೆಯ ಕೈ ಹಿಡಿದು ಹೇಳಿದೆ. ಹೇಳುವಾಗ ಅದು ನಿಜವೇ ಆಗಿತ್ತು.

ಬಾಗಿಲು ಮನೆಗೆ ಬಂತು. ತೊಳೆದು, ಒಣಗಿಸಿ, ಮೇಲಿನ ಒರಟನ್ನು ಮಷಿನ್ನಿನಿಂದ ಉಜ್ಜಿದೆ. ಬೇವು ಇಷ್ಟು ಚೆಂದ ಬರುತ್ತದೆಂದು ನನಗೆ ಗೊತ್ತಿರಲಿಲ್ಲ, ಜೇನಿನ ಬಣ್ಣ. ಅದರ ನಡುವೆ ಆ ಕಪ್ಪು ತಗ್ಗು. ಒಂದು ಸಂಜೆ ಬಾಗಿಲನ್ನು ಮೇಜಿನ ಮೇಲೆ ಮಲಗಿಸಿ ಸುಮ್ಮನೆ ಆ ತಗ್ಗಿನಲ್ಲಿ ಸ್ವಲ್ಪ ನೀರು ಹಾಕಿ ನೋಡಿದೆ. ಹಾಕಬಾರದಿತ್ತು. ನೀರಿನ ಕೆಳಗೆ ಆ ಕಪ್ಪು ಎಷ್ಟು ಆಳವಾಗಿ ಕಂಡಿತೆಂದರೆ, ಅಲ್ಲಿ ತಿಳಿನೀಲಿ ರೆಸಿನ್ ತುಂಬಿದರೆ ಹೇಗಿರುತ್ತದೆ ಎಂಬುದು ಪೂರ್ತಿ ನನ್ನ ಕಣ್ಣ ಮುಂದೆ ಬಂತು. ಮೂರು ದಿನ ಬೇರೆ ಕೆಲಸ ಮಾಡಿದೆ. ಆ ಬಾಗಿಲನ್ನೇ ಗೋಡೆಗೆ ತಿರುಗಿಸಿ ಇಟ್ಟೆ. ನಾಲ್ಕನೆಯ ದಿನ ಪೆನ್ಸಿಲ್‌ನಿಂದ ಗೆರೆ ಹಾಕಿದೆ. ಆ ತಗ್ಗು ಹಲಗೆಯ ನಡುವೆ ಸರಿಯಾಗಿ ಬರುವಂತೆ ಅಳೆದೇ ಹಾಕಿದೆ. ಕೊಯ್ದೆ.

ನನ್ನ ಕೈಯಿಂದ ಆದ ಹಲಗೆಗಳಲ್ಲಿ ಅದೇ ಎಲ್ಲಕ್ಕಿಂತ ಒಳ್ಳೆಯದು. ಸೊಲ್ಲಾಪುರದಲ್ಲಿರುವ ನನ್ನ ಅಕ್ಕನ ಹೊಸ ಮನೆಯ ವಾಸ್ತುಶಾಂತಿಗೆ ಅದನ್ನು ಕೊಟ್ಟೆ. ಬಂದವರೆಲ್ಲ ಕೈಯಲ್ಲಿ ಹಿಡಿದು ನೋಡಿದರು. ಬೆಳಕಿಗೆ ಹಿಡಿದರೆ ಅಂಗೈಯ ಆಕಾರದ ಒಂದು ಸಣ್ಣ ಕೆರೆ ಕಟ್ಟಿಗೆಯೊಳಗೆ ನಿಂತ ಹಾಗೆ ಕಾಣುತ್ತಿತ್ತು. ಅಕ್ಕ ಅವತ್ತೇ ಅದರಲ್ಲಿ ಪೇಢೆ ಜೋಡಿಸಿ ಎಲ್ಲರಿಗೂ ಕೊಟ್ಟಳು.

ಮಾಳವ್ವನಿಗೆ ಏನು ಕೊಡುವುದು? ಇದನ್ನು ಬರೆಯುವುದು ನನಗೆ ಕಷ್ಟ. ಅದೇ ಬಾಗಿಲಿನ ಕೆಳಭಾಗದಿಂದ ಒಂದು ತುಂಡು ಕೊಯ್ದೆ. ಉಳಿಯಿಂದ ಅದರಲ್ಲಿ ಒಂದು ತಗ್ಗು ತೋಡಿದೆ. ನನ್ನ ಅಂಗೈ ಇಟ್ಟು ಇಟ್ಟು ಅಳತೆ ನೋಡಿದೆ. ನುಣ್ಣಗೆ ಉಜ್ಜಿದೆ. ಕೊಬ್ಬರಿ ಎಣ್ಣೆಯಲ್ಲಿ ಒಲೆಯ ಬೂದಿ ಕಲಸಿ ತಿಕ್ಕಿ ತಿಕ್ಕಿ ಕಪ್ಪು ಮಾಡಿದೆ. ಕಣ್ಣಿಲ್ಲದವಳಿಗೆ ಕೊಡುವ ತುಂಡಿಗೆ ಬಣ್ಣ ಯಾಕೆ ಹಚ್ಚುತ್ತಿದ್ದೇನೆ ಎಂಬ ಪ್ರಶ್ನೆ ಆಗ ನನಗೆ ಹೊಳೆಯಲೇ ಇಲ್ಲ. ಬಹುಶಃ ನನಗೇ ನಂಬಿಕೆ ಬರಲಿ ಎಂದಿರಬೇಕು.

ಒಂದು ದಿನ ಶಾಲೆ ಬಿಟ್ಟ ಮೇಲೆ ರೇಣುಕಾಳ ಜೊತೆ ಹೋಗಿ ಕೊಟ್ಟೆ. ಮಾಳವ್ವ ಅದನ್ನು ತೊಡೆಯ ಮೇಲಿಟ್ಟುಕೊಂಡು ಅಂಗೈ ಇಟ್ಟಳು. ಬೆರಳುಗಳು ಒಮ್ಮೆ ಸರಿದವು, ಇನ್ನೊಮ್ಮೆ ಸರಿದವು. ಮತ್ತೆ ನಿಂತವು. "ಚಲೋ ಆತ್ರಿ" ಎಂದಳು. ಚಹಾ ಕುಡಿಸಿಯೇ ಕಳಿಸಿದಳು. ಬಸ್ಸಿನಲ್ಲಿ ಬರುವಾಗ ನನಗೆ ನಿರಾಳವಾಗಿತ್ತು. ಮುಂದೆ ನಡೆದ ವಿಚಿತ್ರಕ್ಕಿಂತ ಆ ನಿರಾಳವೇ ನನ್ನನ್ನು ಹೆಚ್ಚು ಕಾಡುತ್ತದೆ.

ಇದು ಚಳಿಗಾಲದ ಮಾತು. ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಂತು. ರೇಣುಕಾಳನ್ನು ನೋಡುವುದು ನಿಂತಿತು. ಮೇ ತಿಂಗಳ ಒಂದು ಬೆಳಿಗ್ಗೆ ನಾನು ರೆಸಿನ್ ಸುರಿಯಲು ಕುಳಿತಿದ್ದೆ. ನಮ್ಮ ಕಡೆಯ ಬಿಸಿಲಿನಲ್ಲಿ ಮಧ್ಯಾಹ್ನ ಈ ಕೆಲಸ ಆಗುವುದಿಲ್ಲ, ಬೆರೆಸಿದ ಪಾತ್ರೆಯಲ್ಲೇ ಕುದಿದು ಗಟ್ಟಿಯಾಗಿಬಿಡುತ್ತದೆ. ಅದಕ್ಕೇ ಬೆಳಿಗ್ಗೆ ಆರಕ್ಕೇ ಎದ್ದು ಶುರು ಮಾಡುತ್ತಿದ್ದೆ. ಒಮ್ಮೆ ಬೆರೆಸಿದ ಮೇಲೆ ಅರ್ಧ ಗಂಟೆ ಬೇರೆ ಕಡೆ ನೋಡುವ ಹಾಗಿಲ್ಲ. ಸುರಿಯಬೇಕು, ಸಮ ಮಾಡಬೇಕು, ಏಳುವ ಗುಳ್ಳೆಗಳನ್ನು ಬಿಸಿಗಾಳಿ ಹಿಡಿದು ಒಡೆಯಬೇಕು. ಕೈಗೆ ಗ್ಲೌಸ್, ಬಾಯಿ ಮೂಗಿಗೆ ದಪ್ಪ ಮಾಸ್ಕ್. ಅವತ್ತು ಮೇಜಿನ ಮೇಲೆ ಇದ್ದದ್ದು ಸಿಂದಗಿಯಿಂದ ತಂದ ತೊಲೆಯ ಹಲಗೆ. ಮಾಳವ್ವನ ಬಾಗಿಲಿಗೂ ಅದಕ್ಕೂ ಸಂಬಂಧವಿಲ್ಲ. ಸುರಿಯಲು ಶುರು ಮಾಡುವ ಸ್ವಲ್ಪ ಮೊದಲು ಕರೆಂಟ್ ಹೋಗಿ ಮತ್ತೆ ಬಂದಿತ್ತು.

ಬಾಗಿಲ ಕಡೆ ನೆರಳು ಬಿದ್ದಂತಾಗಿ ಓರೆಗಣ್ಣಿನಲ್ಲಿ ನೋಡಿದೆ. ಮಾಳವ್ವ ನಿಂತಿದ್ದಳು. ಹಸಿರು ಇಳಕಲ್ ಸೀರೆ, ಚೌಕಟ್ಟಿನ ಮೇಲೆ ಒಂದು ಕೈ. ನನಗೆ ಗಾಬರಿಯಾಯಿತು, ಆದರೆ ನೀವು ಅಂದುಕೊಳ್ಳುವ ಕಾರಣಕ್ಕಲ್ಲ. ಗುಟ್ಟು ಬಯಲಾಯಿತು ಎಂಬ ಗಾಬರಿ. ಆಸ್ಪತ್ರೆಗೆಂದು ಯಾರೋ ಊರಿಗೆ ಕರೆತಂದಿರಬೇಕು, ಹಾಗೇ ಇಲ್ಲಿ ಬಿಟ್ಟು ಹೋಗಿರಬೇಕು ಎಂದುಕೊಂಡೆ. ಬರ್ರಿ ಆಯಿ, ಕೂಡ್ರಿ, ಕೈ ಬಿಡುವ ಹಾಗಿಲ್ಲ ಎಂದೆ. ಆಕೆ ಗೋಡೆಗೆ ಒರಗಿಸಿಟ್ಟ ಕಟ್ಟಿಗೆಗಳ ಪಕ್ಕ, ನೆಲದ ಮೇಲೆ ಕುಳಿತಳು. ಕುಳಿತದ್ದನ್ನು ನಾನು ಕಂಡೆ. ಮಂಡಿ ಮೇಲೆ ಮಾಡಿ, ಸೆರಗು ಎಳೆದುಕೊಂಡು, ಹಳ್ಳಿಯ ಮುದುಕಿಯರು ಕೂಡುವ ಹಾಗೆ. ನಾನು ಮತ್ತೆ ಹಲಗೆಯ ಕಡೆ ತಿರುಗಿದೆ.

ಆಕೆ ನಿಧಾನವಾಗಿ, "ನೀವು ಕೊಟ್ಟದ್ದರಾಗ ನನ್ನ ಕೈ ಕೂಡವಲ್ದ್ರಿ ಅಕ್ಕಾರ," ಎಂದಳು.

ಸಿಟ್ಟಿರಲಿಲ್ಲ. ಕುಪ್ಪಸ ಬಿಗಿಯಾಗಿದೆ ಎಂದು ದರ್ಜಿಗೆ ಹೇಳಿದ ಹಾಗಿತ್ತು. ನಾನು ರೆಸಿನ್ ಸುರಿಯುತ್ತಲೇ ಇದ್ದೆ. ಆ ಕ್ಷಣ ನಿಜ ಹೇಳಿಬಿಡಬಹುದಿತ್ತು. ಬಾಯಿಗೆ ಬಂದಿತ್ತು ಕೂಡ. ಆದರೆ ಹೊರಬಂದದ್ದು ಬೇರೆ.

"ಆಯಿ, ಅದು ತಪ್ಪಿ ಕೊಯ್ದು ಹೋತು. ಕರೆಂಟ್ ಹೋಗಿ ಬಂತು, ಮಷಿನ್ ಜಾರಿತು. ನಿಮಗ ಹೇಳ್ಲಿಕ್ಕೆ ಧೈರ್ಯ ಆಗ್ಲಿಲ್ಲ. ಅದಕ್ಕ ಬೇರೆ ಮಾಡಿ ಕೊಟ್ಟೆ."

ಕರೆಂಟಿನ ಮಾತು ಹೇಗೆ ಬಂತೆಂದರೆ, ಈಗಷ್ಟೇ ಹೋಗಿ ಬಂದಿತ್ತಲ್ಲ, ಅದಕ್ಕೆ. ಕೈಗೆ ಹತ್ತಿರ ಸಿಕ್ಕ ಸುಳ್ಳು. ಆ ಹೊತ್ತಿಗೆ ಮೊದಲು ಅದು ನನ್ನ ತಲೆಯಲ್ಲೂ ಇರಲಿಲ್ಲ.

"ಹೌದಾ," ಎಂದಳು ಆಕೆ. "ಮಿಷನ್ ಜಾರೀತು." ನೆನಪಿಟ್ಟುಕೊಳ್ಳಲು ಹೇಳಿಕೊಂಡವರ ಹಾಗೆ ಅದನ್ನು ಒಮ್ಮೆ ಹೇಳಿದಳು.

ನಾನು ಗುಳ್ಳೆ ಒಡೆಯುವ ಮಷಿನ್ ಹಚ್ಚಿದೆ. ಅದರ ಸದ್ದು ಜೋರು. ಐದು ನಿಮಿಷ ಆಗಿರಬಹುದು, ಹತ್ತು ಆಗಿರಬಹುದು. ಆರಿಸಿ, ಮಾಸ್ಕ್ ತೆಗೆದು ತಿರುಗಿದಾಗ ಗೋಡೆಯ ಹತ್ತಿರ ಯಾರೂ ಇರಲಿಲ್ಲ. ಹಿತ್ತಲಿಗೆ ಹೋದೆ, ಪಕ್ಕದ ಓಣಿಗೆ ಹೋದೆ. ಎದುರು ಮನೆಯವರು ಬಾಗಿಲ ಮುಂದೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದರು. ಯಾರೂ ಬಂದದ್ದನ್ನೂ ನೋಡಲಿಲ್ಲ, ಹೋದದ್ದನ್ನೂ ನೋಡಲಿಲ್ಲ ಎಂದರು. ತಲೆ ಬಗ್ಗಿಸಿ ಕೂತವರಿಗೆ ಹೇಗೆ ಕಾಣಬೇಕು ಎಂದುಕೊಂಡೆ. ಯಾರೋ ಬೈಕಿನ ಮೇಲೆ ಕೂಡಿಸಿಕೊಂಡು ಹೋಗಿರಬೇಕು. ಒಳಗೆ ಬಂದರೆ ನನ್ನ ಗಂಡ ಎದ್ದು ಕೂತಿದ್ದ. ಇಷ್ಟು ಬೆಳಿಗ್ಗೆ ಯಾರ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ ಎಂದು ಕೇಳಿದ. ಅವನಿಗೆ ನನ್ನ ಧ್ವನಿ ಅಷ್ಟೇ ಕೇಳಿಸಿತ್ತು. ಮಾಳವ್ವನದು ಮೊದಲೇ ಸಣ್ಣ ಧ್ವನಿ ಎಂದು ಅದಕ್ಕೂ ಒಂದು ಕಾರಣ ಹುಡುಕಿದೆ. ಅವನಿಗೆ ಏನೋ ಒಂದು ಹೇಳಿ ಸ್ನಾನಕ್ಕೆ ಹೋದೆ.

ಒಂದು ವಾರ ಹಾಗೇ ಹೋಯಿತು. ಮುದುಕಿ ಅಷ್ಟು ದೂರ ಬಂದು ಕೇಳಿ ಹೋಗಿದ್ದಾಳೆ, ನಾನಾಗಿ ಒಮ್ಮೆ ಹೋಗಿ ಕ್ಷಮೆ ಕೇಳದಿದ್ದರೆ ತಪ್ಪಾಗುತ್ತದೆ ಎನಿಸಿತು. ಕ್ಷಮೆ ಕೇಳುವುದು ಎಂದರೆ ಆ ಮಷಿನ್ ಜಾರಿದ ತಪ್ಪಿಗೆ. ಅದನ್ನೇ ಇನ್ನೊಮ್ಮೆ ಚೆನ್ನಾಗಿ ಹೇಳಿ ಬರುವುದೆಂದು ತವರಿನಿಂದ ಬಂದಿದ್ದ ನಿಂಬೆಹಣ್ಣು, ಒಂದು ಡಜನ್ ಬಾಳೆಹಣ್ಣು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ಬಾಗಿಲಲ್ಲಿ ರೇಣುಕಾ ನನ್ನನ್ನು ಕಂಡು, ನಿಮಗ ಯಾರು ಹೇಳಿದ್ರಿ ಎಂದು ಕೇಳಿದಳು. ಏನು ಹೇಳುವುದು ಎಂದೆ. ಆಕೆ ಪಡಸಾಲೆಯ ಕಡೆ ಕೈ ತೋರಿಸಿದಳು. ಮಾಳವ್ವ ಮಂಚದ ಮೇಲೆ ಮಲಗಿದ್ದಳು. ಒಂದು ಕಾಲಿಗೆ ಪಟ್ಟಿ ಕಟ್ಟಿ, ಅದರಿಂದ ಹಗ್ಗ ಇಳಿಬಿಟ್ಟು ತೂಕ ಕಟ್ಟಿದ್ದರು.

"ಬಚ್ಚಲದಾಗ ಬಿದ್ದು ಸೊಂಟ ಮುರಕೊಂಡಾರ್ರಿ," ಎಂದಳು ರೇಣುಕಾ. "ಹದಿನೇಳ ದಿನಾ ಆತು. ಮಗ್ಗಲಾ ಹೊರಳಿಸಬೇಕಂದ್ರ ಇಬ್ಬರು ಬೇಕ್ರಿ."

ನಾನು ಮನಸ್ಸಿನಲ್ಲೇ ದಿನ ಲೆಕ್ಕ ಹಾಕಿದೆ. ಎರಡು ಸಲ ಹಾಕಿದೆ. ಆಕೆ ನನ್ನ ಕೋಣೆಗೆ ಬಂದು ಎಂಟೇ ದಿನವಾಗಿತ್ತು. ನಡುವೆ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಿರಾ ಎಂದು ಕೇಳಿದೆ. ಬಿದ್ದ ದಿನ ಒಯ್ದು, ಮೂರನೆಯ ದಿನ ಮನೆಗೆ ತಂದವರು ಮತ್ತೆ ಆಕೆಯನ್ನು ಮಂಚದಿಂದ ಇಳಿಸಿಯೇ ಇಲ್ಲ ಎಂದು ರೇಣುಕಾ ಹೇಳಿದಳು. ಅವತ್ತು ನಾನು ಯಾರನ್ನು ಕಂಡೆ? ಬೇರೆ ಯಾವಳೋ ಮುದುಕಿ ಬಂದಿರಬೇಕು. ಇಲ್ಲವೇ ಆ ರೆಸಿನ್ ವಾಸನೆ ತಲೆಗೆ ಏರಿರಬೇಕು. ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದು ಕಣ್ಣಿಗೆ ಬಂದಿರಬೇಕು. ನಿಂತಲ್ಲಿಯೇ ಇಷ್ಟೆಲ್ಲ ಯೋಚಿಸಿ ಸ್ವಲ್ಪ ಸಮಾಧಾನವನ್ನೂ ಮಾಡಿಕೊಂಡೆ.

ಮಂಚದ ಹತ್ತಿರ ಹೋಗಿ ಕುಳಿತೆ. ರೇಣುಕಾ ಚಹಾ ಮಾಡಲು ಒಳಗೆ ಹೋದಳು. ಮಾಳವ್ವನ ತಲೆಯ ಬದಿಗೆ, ದಿಂಬಿಗೆ ತಾಗಿ, ನಾನು ಕೊಟ್ಟ ತುಂಡು ಇತ್ತು. ಅದನ್ನು ನೋಡಿದ ಮೇಲೆ ಬೇರೆ ಮಾತು ಬರಲಿಲ್ಲ. ಆಯಿ, ನಿಮಗೆ ಒಂದು ಮಾತು ಹೇಳುವುದಿತ್ತು ಎಂದು ಶುರು ಮಾಡಿದೆ.

"ಮತ್ತ ಹೇಳಬ್ಯಾಡ್ರಿ ಅಕ್ಕಾರ," ಎಂದಳು ಮಾಳವ್ವ. "ಅವತ್ತ ಹೇಳಿದ್ರೆಲ್ಲ. ಕರೆಂಟ ಹೋಗಿ ಬಂತು, ಮಿಷನ್ ಜಾರೀತು. ಏನ ಮಾಡಾಕ ಬರತೈತಿ."

ಆ ಮಾತನ್ನು ನಾನು ಆ ಬೆಳಿಗ್ಗೆ ಬಿಟ್ಟು ಎಲ್ಲಿಯೂ ಆಡಿರಲಿಲ್ಲ. ಗಂಡನಿಗೆ ಹೇಳಿರಲಿಲ್ಲ. ಅಕ್ಕನಿಗೆ ಹೇಳಿರಲಿಲ್ಲ. ರಜೆ ಶುರುವಾದ ಮೇಲೆ ರೇಣುಕಾಳ ಜೊತೆ ಒಂದು ಮಾತೂ ಆಡಿರಲಿಲ್ಲ.

"ಯಾವತ್ತು ಆಯಿ?" ಎಂದೆ.

"ನಿಮ್ಮ ಮನ್ಯಾಗ. ಬಾಯಿಗೆ ಏನೋ ಕಟಗೊಂಡಿದ್ರಿ. ಮಾತು ಡೊಳ್ಳಿನ ಒಳಗಿಂದ ಬಂದಂಗ ಬರತಿತ್ತು."

ಹೇಗೆ ಬಂದಿರಿ ಎಂದು ಕೇಳಿದೆ. "ಅದು ತಿಳಿವಲ್ದ್ರಿ," ಎಂದಳು ಮಾಳವ್ವ. "ಬಂದದ್ದು ನೆನಪೈತಿ. ತಿರುಗಿ ಬಂದದ್ದು ನೆನಪಿಲ್ಲ."

ಆಕೆಗೆ ಅದೊಂದು ದೊಡ್ಡ ಸಂಗತಿ ಎನಿಸಿದಂತೆ ಕಾಣಲಿಲ್ಲ. ನೋವಿನ ಗುಳಿಗೆ ನುಂಗಿ ಅರೆನಿದ್ದೆಯಲ್ಲಿ ಕಂಡ ಕನಸು ಎಂದುಕೊಂಡಿದ್ದಳೋ ಏನೋ. ಆದರೆ ಆ ಕನಸಿನಲ್ಲಿ ನಾನು ಹೇಳಿದ್ದನ್ನು ಪೂರ್ತಿ ನಂಬಿದ್ದಳು. ನನ್ನ ಮೇಲೆ ಇದ್ದಿರಬಹುದಾದ ಸಂಶಯವನ್ನು ಆ ಒಂದು ಸುಳ್ಳಿನಿಂದ ತೊಳೆದುಕೊಂಡಿದ್ದಳು. ನನ್ನ ಕೈ ಹುಡುಕಿ ಹಿಡಿದು, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ನನಗೇ ಸಮಾಧಾನ ಹೇಳಿದಳು. ಅವತ್ತೂ ನಾನು ನಿಜ ಹೇಳಲಿಲ್ಲ. ಚಹಾ ಕುಡಿದು ಬಂದೆ.

ಮನೆಗೆ ಬಂದವಳು ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಮೂರನೆಯ ದಿನ ಸೊಲ್ಲಾಪುರಕ್ಕೆ ಹೋದೆ. ಕೊಟ್ಟ ಉಡುಗೊರೆಯನ್ನು ಒಡಹುಟ್ಟಿದವಳ ಹತ್ತಿರ ವಾಪಸು ಕೇಳುವುದು ಹೇಗೆ? ರೆಸಿನ್ ಬಿರುಕು ಬಿಡುವ ಲಕ್ಷಣ ಇದೆ, ಸರಿ ಮಾಡಿ ತಂದುಕೊಡುತ್ತೇನೆ ಎಂದೆ. ಇನ್ನೊಂದು ಸುಳ್ಳು. ಅಕ್ಕ ಹಲಗೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಎಲ್ಲಿದೆ ಬಿರುಕು, ನನಗೆ ಕಾಣುತ್ತಿಲ್ಲವಲ್ಲ ಎಂದಳು. ಆದರೂ ಹಳೆಯ ಟವೆಲಿನಲ್ಲಿ ಸುತ್ತಿ ಕೊಟ್ಟಳು.

ಅದನ್ನು ತೆಗೆದುಕೊಂಡು ನೇರ ಮಾಳವ್ವನ ಊರಿಗೆ ಹೋದೆ. ದಾರಿಯುದ್ದಕ್ಕೂ ಹಲಗೆ ನನ್ನ ತೊಡೆಯ ಮೇಲಿತ್ತು. ನಾನು ಎಂಥ ಕೆಲಸ ಮಾಡಿದ್ದೇನೆ ಎಂಬುದು ನನಗೆ ಪೂರ್ತಿ ತಿಳಿದದ್ದು ಆ ಬಸ್ಸಿನಲ್ಲಿಯೇ. ಟವೆಲಿನ ಮೇಲಿಂದ ಕೈಯಾಡಿಸುತ್ತಿದ್ದೆ, ಎಲ್ಲ ಸಪಾಟಾಗಿತ್ತು. ತಗ್ಗು ಎಲ್ಲಿದೆ ಎಂದು ಕೈಗೆ ಗೊತ್ತಾಗುತ್ತಿರಲಿಲ್ಲ. ಕಣ್ಣಿದ್ದವರಿಗೆ ಅದು ಅಲ್ಲಿಯೇ ಇತ್ತು, ಮೊದಲಿಗಿಂತ ಚೆಂದವಾಗಿ. ಬಿಸಿ ಮಾಡಿ ರೆಸಿನ್ ಕೆತ್ತಿ ತೆಗೆಯಬಹುದೇ ಎಂದು ಯೋಚಿಸಿದೆ. ತೆಗೆಯಬಹುದು, ಆದರೆ ಅದು ಕಟ್ಟಿಗೆಯ ಮೇಲ್ಪದರವನ್ನು ಕಿತ್ತುಕೊಂಡೇ ಬರುತ್ತದೆ. ಇಷ್ಟು ಅಂಗೈಗಳು ಮಾಡಿದ ಆ ನುಣುಪು ಉಳಿಯುವುದಿಲ್ಲ.

ಮಾಳವ್ವ ಹಾಗೇ ಮಲಗಿದ್ದಳು. ರೇಣುಕಾ ಕುರಿಗಳ ಕಡೆ ಹೋಗಿದ್ದಳು. ನಾನು ಹಲಗೆಯನ್ನು ಆಕೆಯ ಎದೆಯ ಮೇಲೆ ಇಟ್ಟು, ಕೈ ಹಿಡಿದು ಅದರ ಮೇಲಿಟ್ಟೆ. ಇದರಲ್ಲಿ ಇದೆ ಆಯಿ, ನಿಮ್ಮ ತುಂಡು ಎಂದೆ. ಬೆರಳುಗಳು ಕಟ್ಟಿಗೆಯ ಅಂಚಿನಿಂದ ಒಳಗೆ ಬಂದವು. ರೆಸಿನ್ ಇದ್ದ ಕಡೆ ಬಂದಾಗ ಜಾರಿ ಆಚೆ ಹೋದವು. ಮತ್ತೆ ಬಂದವು, ಮತ್ತೆ ಜಾರಿದವು.

"ಎಲ್ಲೈತಿ?" ಎಂದಳು.

"ಕೆಳಗ ಅದ. ಮ್ಯಾಲೆ ಗಾಜಿನಂಥಾದ್ದು ಹಾಕೀನಿ."

"ತೆಗ್ಯಾಕ ಬರೂದಿಲ್ಲೇನ್ರಿ?"

ಇಲ್ಲ ಎಂದೆ. ಆಮೇಲೆ, ಇಷ್ಟು ದಿನ ಬಾಯಿಗೆ ಬಾರದ್ದು ಬಂತು. ಮಷಿನ್ ಜಾರಲಿಲ್ಲ, ಕರೆಂಟ್ ಹೋಗಿರಲಿಲ್ಲ, ನಾನು ನೋಡಿಯೇ ಕೊಯ್ದೆ, ಅಳೆದು ಗೆರೆ ಹಾಕಿ ಕೊಯ್ದೆ, ಅದು ಬಹಳ ಚೆಂದ ಇತ್ತು, ಬಿಡಲು ಮನಸ್ಸಾಗಲಿಲ್ಲ, ನಿಮಗೆ ಕೊಟ್ಟದ್ದನ್ನು ಮೋಸ ಮಾಡಲೆಂದೇ ತಯಾರಿಸಿದೆ ಎಂದು ಎಲ್ಲ ಹೇಳಿದೆ. ಅಳಲಿಲ್ಲ. ಅತ್ತಿದ್ದರೆ ಆಕೆ ಮತ್ತೆ ನನ್ನನ್ನೇ ಸಮಾಧಾನ ಮಾಡುತ್ತಿದ್ದಳು.

ಮಾಳವ್ವನ ಕೈ ಆ ನುಣುಪಿನ ಮೇಲೆಯೇ ಇತ್ತು. ಹೊರಗೆ ಕುರಿಮರಿಗಳು ಒದರುತ್ತಿದ್ದವು.

"ಚಂದ ಆಗೇತೇನ್ರಿ?" ಎಂದು ಕೇಳಿದಳು.

ಈ ಪ್ರಶ್ನೆಗೆ ಸುಳ್ಳು ಹೇಳಲೇ, ನಿಜ ಹೇಳಲೇ ಎಂದು ತಿಳಿಯಲಿಲ್ಲ. ಹೌದು ಆಯಿ, ಬಹಳ ಚೆಂದ ಆಗಿದೆ ಎಂದೆ. ಆಕೆ ಹಲಗೆಯನ್ನು ಎರಡೂ ಕೈಯಿಂದ ಎತ್ತಿ, ಧ್ವನಿ ಬಂದ ದಿಕ್ಕಿಗೆ ಚಾಚಿದಳು.

"ಹಂಗಾರ ಕಾಣೋರ ಮನ್ಯಾಗ ಇರ್ಲಿ," ಎಂದಳು. ಕ್ಷಮಿಸಿದೆ ಎನ್ನಲಿಲ್ಲ, ಕ್ಷಮಿಸುವುದಿಲ್ಲ ಎಂದೂ ಹೇಳಲಿಲ್ಲ. ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಅಷ್ಟನ್ನು ಮಾತ್ರ ಆಕೆ ಯಾರ ಸಹಾಯವೂ ಇಲ್ಲದೆ ಮಾಡಬಲ್ಲವಳಾಗಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಮಾಳವ್ವ ತೀರಿಕೊಂಡಳು. ಹಲಗೆಯನ್ನು ನಾನು ಅಕ್ಕನಿಗೆ ಹಿಂದಿರುಗಿಸಲಿಲ್ಲ. ಆಗಾಗ ಆಕೆ ಕೇಳುತ್ತಾಳೆ, ಇನ್ನೂ ಸರಿಯಾಗಿಲ್ಲವೇನು ಎಂದು. ಹೊಸ ಹಲಗೆ ಮಾಡುವುದನ್ನು ನಿಲ್ಲಿಸಿದ್ದೇನೆ. ತಗಡಿನ ಕೋಣೆಯಲ್ಲಿ ಈಗ ಸೈಕಲ್ಲು, ಖಾಲಿ ಡಬ್ಬಿ ಮುಂತಾದ ಸಾಮಾನುಗಳಿವೆ.

ನಡೆದದ್ದಕ್ಕೆ ಕಾರಣ ಹುಡುಕುವುದನ್ನು ಮಾತ್ರ ನಿಲ್ಲಿಸಿಲ್ಲ. ರೆಸಿನ್ ವಾಸನೆಯಿಂದ ತಲೆ ಸುತ್ತಬಹುದು ಎಂದು ಓದಿದೆ. ಕಣ್ಣಿಗೆ ಕಟ್ಟಿದಂತೆ ಮನುಷ್ಯರು ಕಾಣುತ್ತಾರೆಂದು ಎಲ್ಲಿಯೂ ಓದಲಿಲ್ಲ. ತಪ್ಪು ಮಾಡಿದವರು ಹೇಳುವ ನೆಪ ಎಲ್ಲ ಒಂದೇ ಥರ, ಮುದುಕಿ ಊಹಿಸಿ ಹೇಳಿರಬಹುದು ಎಂದೂ ಅಂದುಕೊಂಡೆ. ಆದರೆ ಮಷಿನ್ ಜಾರಿದ್ದನ್ನು ಊಹಿಸಬಹುದು, ಕರೆಂಟ್ ಹೋಗಿ ಬಂದದ್ದನ್ನು ಹೇಗೆ ಊಹಿಸಿದಳು? ಬಾಯಿಗೆ ಕಟ್ಟಿಕೊಂಡಿದ್ದನ್ನು?

ಅವತ್ತು ಬಂದದ್ದು ನನ್ನ ಮನಸ್ಸೇ ಕಟ್ಟಿದ ರೂಪವಾಗಿದ್ದರೆ, ಬೇರೆ ಯಾರೂ ಕೇಳದ ಆ ಕೋಣೆಯಲ್ಲಿ, ನನ್ನ ಮನಸ್ಸಿಗೇ ನಾನು ನಿಜ ಹೇಳಲಿಲ್ಲ. ಮಾಳವ್ವನೇ ಬಂದಿದ್ದರೆ, ಸೊಂಟ ಮುರಿದುಕೊಂಡು ಅಷ್ಟು ದೂರ ಬಂದು ನೆಲದ ಮೇಲೆ ಕೂತ ಮುದುಕಿಗೆ ಕುಡಿಯಲು ನೀರು ಬೇಕೇ ಎಂದೂ ಕೇಳದೆ, ಒಂದು ಸುಳ್ಳು ಕೊಟ್ಟು ಕಳಿಸಿದೆ. ಇವೆರಡರಲ್ಲಿ ಯಾವುದು ನಡೆಯಿತೆಂದು ನನಗೆ ಇಂದಿಗೂ ಗೊತ್ತಿಲ್ಲ.